ಸ್ಟೆಪ್ನಿಯ ಹಿಂದಿನ ಒಣಮೀನು

ಪ್ಯೊ ಮಲ್‌ಸುನ್‌ಗೆ ಆ ಹೆಸರಿಟ್ಟದ್ದು ಅವಳ ಅಜ್ಜ. ಸಾಲಾಗಿ ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣೇ ಆದಾಗ, ಇಲ್ಲಿಗೆ ಸಾಕಪ್ಪ ಎಂದು 'ಕೊನೆಯವಳು' ಎಂಬ ಅರ್ಥ ಬರುವ ಹೆಸರನ್ನೇ ಹುಡುಕಿ ಇಟ್ಟುಬಿಟ್ಟರು. ಅವಳ ಬೆನ್ನಿಗೆ ಮತ್ತಿಬ್ಬರು ಹೆಣ್ಣುಮಕ್ಕಳು ಹುಟ್ಟಿದರು. "ನನ್ನ ಹೆಸರಿಗೆ ನಮ್ಮಪ್ಪ ಅಮ್ಮನೇ ಬೆಲೆ ಕೊಡಲಿಲ್ಲ, ಇನ್ನು ಊರೋರು ಕೊಡ್ತಾರಾ" ಎಂದು ಮಲ್‌ಸುನ್ ಇಂದಿಗೂ ನಗುತ್ತಾಳೆ.

ಶಾಲೆ ನಾಲ್ಕನೇ ತರಗತಿಗೆ ಮುಗಿಯಿತು. ಹದಿನಾರನೇ ವಯಸ್ಸಿಗೆ ದೇಗ್ವಾಲ್ಯಂಗ್ ಘಟ್ಟದ ಮೇಲೆ ಮೀನು ಒಣಗಿಸುವ ಅಟ್ಟಣೆಗಳಲ್ಲಿ ಕೂಲಿಗೆ ಸೇರಿದಳು. ಕಡಲಿನಿಂದ ಬಂದ ಮ್ಯಂಗ್‌ಟೆ ಮೀನನ್ನು ತೊಳೆದು, ಎರಡೆರಡಾಗಿ ಕಟ್ಟಿ, ಮರದ ಗಳುಗಳ ಮೇಲೆ ತೂಗುಹಾಕುವ ಕೆಲಸ. ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಮತ್ತೆ ಹೆಪ್ಪುಗಟ್ಟಿ, ಚಳಿಗಾಲವಿಡೀ ಹಾಗೇ ನೇತಾಡಿ ವಸಂತದ ಹೊತ್ತಿಗೆ ಮೀನು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿದ್ದ ಮುದುಕಿ ಮೇಸ್ತ್ರಿ ಇವಳಿಗೆ ಕಲಿಸಿದ್ದು ಒಂದೇ ಪಾಠ. "ಬಣ್ಣ ನೋಡಿ ಮರುಳಾಗಬೇಡ ಕಣೇ ಹುಡುಗಿ. ಎರಡು ಮೀನು ತಗೊಂಡು ತಟ್ಟಿ ಕೇಳು." ಒಳಗಿನವರೆಗೂ ಒಣಗಿದ ಮೀನು ಒಳ್ಳೆ ಕಟ್ಟಿಗೆಯ ಹಾಗೆ 'ಟೊಕ್' ಎನ್ನುತ್ತದೆ. ಹೊಟ್ಟೆಯಲ್ಲಿ ಪಸೆ ಉಳಿದಿದ್ದರೆ 'ದಬ್' ಎನ್ನುತ್ತದೆ. ಹತ್ತು ಚಳಿಗಾಲ ಲಕ್ಷಗಟ್ಟಲೆ ಮೀನು ತಟ್ಟಿ ತಟ್ಟಿ ಮಲ್‌ಸುನ್‌ಳ ಕಿವಿ ಹೇಗಾಯಿತೆಂದರೆ, ಪಕ್ಕದ ಮನೆಯವರು ಅನ್ನದ ಕುಕ್ಕರಿನ ಮುಚ್ಚಳ ತೆಗೆದ ಸದ್ದಿಗೇ ಈ ಸಲ ನೀರು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳಬಲ್ಲಳು.

ಮುಂದೆ ಮದುವೆಯಾಗಿ ಇಮ್‌ಗ್ಯೆ ಎಂಬ ಬೆಟ್ಟದೂರಿಗೆ ಬಂದಳು. ಒಣಮೀನನ್ನು ತಾನೇ ಕೊಂಡು ಸಂತೆಗಳಲ್ಲಿ ಮಾರತೊಡಗಿದಳು. ಮೊದಲು ಬಸ್ಸಿನ ಬೆನ್ನ ಮೇಲೆ ಹೊರೆ ಹಾಕಿಕೊಂಡು ಹೋಗುತ್ತಿದ್ದಳು. ನಲವತ್ತೊಂದನೇ ವಯಸ್ಸಿಗೆ ಡ್ರೈವಿಂಗ್ ಲೈಸೆನ್ಸಿಗೆ ಕೂತಳು. ಬಂಡಿ ಓಡಿಸುವುದು ಸಲೀಸಾಗಿ ಬಂತು, ಬರೆಯುವ ಪರೀಕ್ಷೆಯಲ್ಲಿ ಒಂಬತ್ತು ಸಲ ಫೇಲಾದಳು. ಹತ್ತನೇ ಸಲ ಪಾಸಾದಾಗ ಕಿಟಕಿಯ ಆಚೆಯ ಗುಮಾಸ್ತ ಎದ್ದು ನಿಂತು ಚಪ್ಪಾಳೆ ತಟ್ಟಿದನಂತೆ. ಗಂಡನೂ ಮನೆಯ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ, ಆದರೆ ಬಂಡಿ ಹತ್ತಲಿಲ್ಲ. ಎರಡು ತಿರುವು ದಾಟಿದರೆ ಅವನಿಗೆ ವಾಂತಿ ಬರುತ್ತದೆ. ಹೀಗಾಗಿ ಇಪ್ಪತ್ತೈದು ವರ್ಷದಿಂದ ಮಲ್‌ಸುನ್ ಒಬ್ಬಳೇ ವ್ಯಾನು ಓಡಿಸಿಕೊಂಡು, ಕೊನೆಗೆ ಎರಡೋ ಏಳೋ ಬರುವ ತಾರೀಕಿಗೆ ಜಂಗ್‌ಸನ್ ಸಂತೆ, ಮೂರು ಎಂಟಕ್ಕೆ ಬುಕ್‌ಪ್ಯಂಗ್ ಸಂತೆ, ಐದು ಹತ್ತಕ್ಕೆ ತನ್ನೂರ ಸಂತೆ ಎಂದು ತಿರುಗುತ್ತಾಳೆ.

ಆ ವ್ಯಾನು ಹೋದ ಜನವರಿಯಲ್ಲಿ ಘಟ್ಟದ ನಡುವೆ ನಿಂತುಬಿಟ್ಟಿತು. ಎಳೆದು ತಂದವನು ಬಾನೆಟ್ ತೆಗೆದು ನೋಡಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಷ್ಟರಲ್ಲೇ ಮಲ್‌ಸುನ್‌ಗೆ ಗೊತ್ತಾಯಿತು.

ವ್ಯಾನು ಹೋದದ್ದಕ್ಕಿಂತ ದೊಡ್ಡ ಚಿಂತೆ ಬೇರೆಯಿತ್ತು. ಜಂಗ್‌ಸನ್ ಸಂತೆಯಲ್ಲಿ ಒಂದು ಕಟ್ಟಳೆ ಇದೆ. ಯಾರ ಜಾಗವಾದರೂ ಸರಿ, ಸಾಲಾಗಿ ಮೂರು ಸಂತೆ ಖಾಲಿ ಬಿದ್ದರೆ ಅದು ಕಾದು ನಿಂತವರ ಪಾಲಾಗುತ್ತದೆ. ಮಲ್‌ಸುನ್‌ಳ ಜಾಗ ಎಂದರೆ ಸಂತೆಯ ಬಾಯಿಯಲ್ಲೇ, ಸೇತುವೆ ಇಳಿದ ತಕ್ಷಣ ಎಡಕ್ಕೆ. ಬಸ್ಸಿಳಿದ ಕಾಲು ಮೊದಲು ನಿಲ್ಲುವುದೇ ಅಲ್ಲಿ. ಇಪ್ಪತ್ತೇಳರ ಸಂತೆ ತಪ್ಪಿತು. ಎರಡರ ಸಂತೆಯೂ ತಪ್ಪಿತು. ಇನ್ನುಳಿದದ್ದು ಫೆಬ್ರವರಿ ಏಳು. ಅದೂ ಚಾಂದ್ರ ಹೊಸವರ್ಷಕ್ಕೆ ಮುಂಚಿನ ದೊಡ್ಡ ಸಂತೆ. ಹಿರಿಯರಿಗೆ ಎಡೆ ಇಡಲು ಮನೆಮನೆಗೂ ಒಣಮೀನು ಬೇಕಾಗುವ ದಿನ.

ಆ ಸಂತೆಯಲ್ಲಿ ಅವಳ ಪಕ್ಕ ಕೂತು ಕೋಸಿನೆಲೆ ಹಾಕಿ ತೆಳು ದೋಸೆ ಹುಯ್ಯುವ ಬೊಂಗ್‌ಶಿಮ್ ಐದನೇ ತಾರೀಕು ಬೆಳಗ್ಗೆ ಫೋನು ಮಾಡಿದಳು.

"ಅಕ್ಕ, ಜಾಗಕ್ಕೆ ಕಾಯ್ತಿರೋ ಆ ಕಾಲುಚೀಲ ಮಾರೋನು ನಿನ್ನೆ ಬಂದು ನಿನ್ನ ಜಾಗ ಅಳೆದುಕೊಂಡು ಹೋದ. ಹೆಜ್ಜೆ ಹಾಕಿ ಅಳೆದ."

"ಎಷ್ಟು ಹೆಜ್ಜೆ ಬಂತಂತೆ?"

"ಆರು. ನಗಬೇಡ ಅಕ್ಕ. ನಾಡಿದ್ದು ನೀನು ಬರದೇ ಇದ್ರೆ ನಾನು ಹೊಸವರ್ಷ ಪೂರ್ತಿ ಅವನ ಕಾಲುಚೀಲದ ವಾಸನೆ ಕುಡೀಬೇಕು."

"ಹೊಸ ಕಾಲುಚೀಲಕ್ಕೆ ವಾಸನೆ ಎಲ್ಲಿಂದ ಬರುತ್ತೆ?"

"ಅವನು ಹಾಕ್ಕೊಂಡಿರೋದು ಹೊಸದಲ್ಲ" ಎಂದಳು ಬೊಂಗ್‌ಶಿಮ್.

ಬಾಡಿಗೆ ಬಂಡಿಯವರು ಮೀನು ಎಂದ ಕೂಡಲೇ ಆಗಲ್ಲ ಎನ್ನುತ್ತಿದ್ದರು. ಹೊಸದನ್ನು ಕೊಳ್ಳುವ ಮಾತೇ ಇಲ್ಲ. ಇಪ್ಪತ್ತು ಹೊರೆ ಮೀನು ಹೇರಿಕೊಂಡು ಹಿಮದಲ್ಲಿ ಘಟ್ಟ ಹತ್ತಲು ಡೀಸೆಲ್ ಬಂಡಿಯೇ ಆಗಬೇಕು, ಕೈಗೆ ಎಟುಕುವುದು ಹಳೆಯದೇ. ಹಳೆಯ ಡೀಸೆಲ್ ಬಂಡಿಗಳನ್ನು ಚಳಿಗಾಲದಲ್ಲಿ ರಾಜಧಾನಿ ಸೋಲ್ ಪಟ್ಟಣದೊಳಗೆ ಬಿಡುವುದಿಲ್ಲ, ಹೊಗೆಯ ಕಾರಣಕ್ಕೆ. ಅದಕ್ಕೇ ಅವುಗಳ ಬೆಲೆ ಇಳಿದಿದೆ. "ಸೋಲ್‌ನೋರು ಬೇಡ ಅಂದಿದ್ದೆಲ್ಲ ನಮಗೆ ಒಳ್ಳೇದೇ ಆಗಿರುತ್ತೆ. ನಾನು ಅಲ್ಲಿಗೆ ಹೋಗಿ ಏನ್ ಮಾಡ್ಲಿ, ಮೀನು ಕಟ್ಟೋ ದಾರ ಕೂಡ ಅಲ್ಲಿ ದುಬಾರಿ" ಎಂದು ಮಲ್‌ಸುನ್ ಅಂದಿನ ತನ್ನೂರ ಸಂತೆಯನ್ನೂ ಬಿಟ್ಟು ಹಳೆಯ ಬಂಡಿ ನೋಡಲು ಹೊರಟಳು.

ಜೊತೆಗೆ ಹಾಮ್ ಯೊಂಗ್‌ಗಿಲ್‌ನನ್ನು ಕರೆದುಕೊಂಡಳು. ಮೂವತ್ತೊಂದು ವರ್ಷ ಬೆಟ್ಟದ ಬಸ್ಸು ಓಡಿಸಿ ನಿವೃತ್ತನಾದ ಡ್ರೈವರ್. ಈಗಲೂ ಮನೆಯಿಂದ ಹೊರಗೆ ಕಾಲಿಡುವಾಗ ಕೈಗೆ ಬಿಳಿಯ ಗವಸು ಹಾಕುತ್ತಾನೆ, ತರಕಾರಿ ತರಲು ಹೋದರೂ. ಸುತ್ತಲಿನ ಹತ್ತೂರಲ್ಲಿ ಹಳೆಯ ಬಂಡಿ ಕೊಳ್ಳುವವರು ಅವನಿಗೆ ಒಂದು ಊಟ ಹಾಕಿಸಿ ಕರೆದೊಯ್ಯುವುದು ವಾಡಿಕೆ. ಅವನ ಚೀಲದಲ್ಲಿ ಒಂದು ಟಾರ್ಚು, ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿ, ನೆಲದಲ್ಲಿ ಹಾಸಿಕೊಂಡು ಮಲಗಲು ಹಳೇ ಪೇಪರು, ಒಂದು ಬಿಳಿಯ ಬಟ್ಟೆ ಸದಾ ಇರುತ್ತವೆ.

ಬಂಡಿ ಇದ್ದದ್ದು ಜಿನ್‌ಬು ಪೇಟೆಯ ಹೊರಗೆ, ತಾಕ್ ಎಂಬ ವ್ಯಾಪಾರಿಯ ಅಂಗಳದಲ್ಲಿ. ನಲವತ್ತೈದರ ಆಸುಪಾಸಿನ ದುಂಡು ಮುಖದವನು, ಮಾತಿಗೆ ಮೊದಲು ನಗು. ಆಚೆ ಈಚೆ ನಿಂತ ಹತ್ತಾರು ಬಂಡಿಗಳ ನಡುವೆ ಬೂದು ಬಣ್ಣದ ಎತ್ತರದ ಕಾರೊಂದನ್ನು ತೋರಿಸಿದ. ಹಿಂದಿನ ಸೀಟು ಮಡಚಿದರೆ ಇಪ್ಪತ್ತೆರಡು ಹೊರೆ ಹಿಡಿಸುತ್ತದೆಂದು ಮಲ್‌ಸುನ್ ನಿಂತಲ್ಲೇ ಅಂದಾಜು ಮಾಡಿದಳು. ಇಪ್ಪತ್ತೊಂದು ವರ್ಷ ಹಳೆಯದು. ಬೆಲೆ ಮೂವತ್ತೆರಡು ಲಕ್ಷ ವಾನ್, ಹೊಸದರ ಬೆಲೆಯ ಹತ್ತನೇ ಒಂದು ಪಾಲು.

"ಒಬ್ಬರೇ ಓಡಿಸಿದ್ದು ಚಿಕ್ಕಮ್ಮ. ಪ್ಯೊಂಗ್‌ಚಾಂಗ್ ಕಡೆಯ ರಿಟೈರ್ಡ್ ಹೆಡ್‌ಮಾಸ್ಟರು. ಬೆಟ್ಟದ ಗಾಳಿ ಬಿಟ್ರೆ ಬೇರೆ ಗಾಳಿ ಕಂಡಿಲ್ಲ ಈ ಬಂಡಿ. ಕಡಲು ಅಂದ್ರೇನು ಅಂತಾನೇ ಇದಕ್ಕೆ ಗೊತ್ತಿಲ್ಲ" ಎಂದ ತಾಕ್.

ಹಾಮ್ ಬಲಗೈಯ ಗವಸು ಬಿಚ್ಚಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ, ಜ್ವರ ನೋಡುವ ಹಾಗೆ.

"ಬೆಚ್ಚಗಿದೆ."

"ಈಗಷ್ಟೇ ಜಾಗ ಬದಲಾಯಿಸೋಕೆ ಅಂತ ಸ್ಟಾರ್ಟ್ ಮಾಡಿದ್ದೆ ಅಣ್ಣ."

"ಎಲ್ಲಿಂದ ಎಲ್ಲಿಗೆ?"

ತಾಕ್ ಅಂಗಳ ನೋಡಿದ. ಕಾರಿನ ಚಕ್ರದ ಸುತ್ತ ಹಳೇ ಹಿಮ ಗಟ್ಟಿಯಾಗಿ ಕೂತಿತ್ತು. ಅದು ವಾರದಿಂದ ಅಲ್ಲಿಂದ ಅಲ್ಲಾಡಿರಲಿಲ್ಲ.

ಹಾಮ್ ಮಲ್‌ಸುನ್ ಕಡೆ ತಿರುಗಿ, ತಾಕ್‌ಗೂ ಕೇಳುವ ಹಾಗೆ ಹೇಳಿದ: "ತಂಗೀ, ಡೀಸೆಲ್ ಎಂಜಿನ್ನಿನ ನಿಜ ಗೊತ್ತಾಗೋದು ಬೆಳಗಿನ ಮೊದಲ ಸ್ಟಾರ್ಟಿನಲ್ಲಿ. ಬೆಚ್ಚಗಿರುವಾಗ ಎಂಥ ಮುದುಕನೂ ಕುಣೀತಾನೆ. ರಾತ್ರಿಯೆಲ್ಲ ಚಳೀಲಿ ನಿಂತಿರಲಿ, ನಾಳೆ ಬರೋಣ."

"ನಾಳೆ ಆರು ಕಣಣ್ಣ, ನಾಡಿದ್ದೇ ಸಂತೆ" ಎಂದಳು ಮಲ್‌ಸುನ್.

"ಅದಕ್ಕೇ ನಾಳೆ. ನಾಡಿದ್ದು ಘಟ್ಟದಲ್ಲಿ ನಿಂತರೆ ಕಾಲುಚೀಲದವನು ನಿನಗೆ ಕೈ ಬೀಸ್ತಾನೆ."

ಮರುದಿನ ಒಂಬತ್ತಕ್ಕೆ ಬರುತ್ತೇವೆಂದು ಹೇಳಿ, ಏಳೂವರೆಗೇ ಬಂದಿಳಿದರು. ಹಾಮ್ ಹೀಗೇ ಮಾಡುವುದು. ಹಿಂದಿನ ದಿನ ಸಂಜೆ ಬಿದ್ದ ಹಿಮ ಬಾನೆಟ್ಟಿನ ಮೇಲೆ ಮೂರು ಬೆರಳಿನಷ್ಟು ಹಾಗೇ ಇತ್ತು. ಅದರ ಮೇಲೆ ಬೆಕ್ಕಿನ ಹೆಜ್ಜೆ ಒಂದು ಸಾಲು, ಅಷ್ಟೇ.

"ಬೆಕ್ಕು ಬಿಸಿ ಜಾಗ ಹುಡುಕಿ ಬಂದು, ಸಿಗದೆ ವಾಪಸ್ ಹೋಗಿದೆ. ಒಳ್ಳೆ ಸಾಕ್ಷಿ" ಎಂದು ಹಾಮ್ ಸಂತೋಷಪಟ್ಟ.

ತಾಕ್ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೊರಬಂದ. ಬೀಗದ ಕೈ ಹಾಮ್‌ಗೆ ಕೊಟ್ಟ. ಹಾಮ್ ಮೊದಲು ಆಯಿಲ್ ಕಡ್ಡಿ ಎಳೆದು ಬಿಳಿಯ ಬಟ್ಟೆಗೆ ಒರೆಸಿ, ಬೆರಳಲ್ಲಿ ಉಜ್ಜಿ, ಮೂಸಿ ನೋಡಿದ. ಕಪ್ಪಾಗಿತ್ತು. ಡೀಸೆಲ್ ಬಂಡಿಯ ಆಯಿಲ್ ಕಪ್ಪಾಗಿಯೇ ಇರುತ್ತದೆ; ಅದು ಜೇನಿನ ಹಾಗೆ ಫಳಫಳ ಎಂದರೆ ಮಾರುವುದಕ್ಕೆಂದೇ ನಿನ್ನೆ ಬದಲಾಯಿಸಿದ್ದಾರೆ ಎಂದು ತಿಳಿಯಬೇಕು ಎಂದ. ರೇಡಿಯೇಟರಿನ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆಯ ಬಣ್ಣ ತೇಲುತ್ತಿದೆಯೇ ನೋಡಿದ. ಇರಲಿಲ್ಲ.

ಆಮೇಲೆ ಒಳಗೆ ಕೂತು ಕೀಲಿ ಅರ್ಧ ತಿರುಗಿಸಿ, ಒಳಗಿನ ಕಡ್ಡಿಗಳು ಬಿಸಿಯಾಗಿ ಎದುರಿನ ಸುರುಳಿ ಗುರುತಿನ ದೀಪ ಆರುವವರೆಗೆ ಕಾದ. ಪೂರ್ತಿ ತಿರುಗಿಸಿದ. ಎಂಜಿನ್ನು ಒಮ್ಮೆ ಕೆಮ್ಮಿತು, ಎರಡನೇ ಸಲ ಗಂಟಲು ಸರಿಮಾಡಿಕೊಂಡಿತು, ಮೂರನೇ ಸಲಕ್ಕೆ ಎದ್ದಿತು. ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ ಬಂದು, ನಿಮಿಷದಲ್ಲಿ ತೆಳುವಾಗಿ ಮಾಯವಾಯಿತು.

"ಬಿಳಿ ಹೋದರೆ ಚಳಿ ಹೊಗೆ. ಉಳಿದರೆ ರೋಗ. ನೀಲಿ ಬಂದರೆ ಆಯಿಲ್ ಕುಡೀತಿದೆ ಅಂತ, ಆಗ ಮಾತೇ ಬೇಡ, ಬಸ್ ಹತ್ತೋದೇ" ಎಂದ ಹಾಮ್. ಆಕ್ಸಿಲರೇಟರ್ ತುಳಿದಾಗ ಒಂದಿಷ್ಟು ಕಪ್ಪು ಹೊಗೆ ಬಂತು. ಅದನ್ನು ಮೊಮ್ಮಕ್ಕಳ ತುಂಟತನದ ಹಾಗೆ ಕೈಬೀಸಿ ಕ್ಷಮಿಸಿದ.

ಕೊನೆಗೆ ಅವನ ಮೆಚ್ಚಿನ ಪರೀಕ್ಷೆ. ಎಂಜಿನ್ನು ಓಡುತ್ತಿರುವಾಗಲೇ ಆಯಿಲ್ ತುಂಬುವ ಬಾಯಿಯ ಮುಚ್ಚಳ ಬಿಚ್ಚಿ, ಅದನ್ನೇ ಬೋರಲಾಗಿ ತೂತಿನ ಮೇಲಿಟ್ಟ. ಒಳಗೆ ಸವೆದಿದ್ದರೆ ಗಾಳಿ ನುಗ್ಗಿ ಮುಚ್ಚಳ ಕುಣಿದು ಬೀಳುತ್ತದೆ. ಈ ಮುಚ್ಚಳ ಸಣ್ಣಗೆ ನಡುಗಿತು, ಆದರೆ ಕೂತ ಜಾಗ ಬಿಡಲಿಲ್ಲ.

"ಕೂತಿದೆ. ನನ್ನ ಹೆಂಡತಿ ಮೊದಲ ಸಲ ನನ್ನ ಬಸ್ಸು ಹತ್ತಿದಾಗ ಹೀಗೇ ಕೂತಿದ್ದಳು" ಎಂದ ಹಾಮ್.

ತಾಕ್ ಮುಖ ಹುಣ್ಣಿಮೆಯಾಯಿತು. "ನಾನು ಹೇಳಲಿಲ್ವಾ ಚಿಕ್ಕಮ್ಮ. ಹೆಡ್‌ಮಾಸ್ಟರ ಬಂಡಿ ಅಂದ್ರೆ ಶಿಸ್ತು."

ಮಲ್‌ಸುನ್ ಇಷ್ಟು ಹೊತ್ತೂ ಕಣ್ಣು ಅರ್ಧ ಮುಚ್ಚಿಕೊಂಡು ನಿಂತಿದ್ದಳು. ಎಂಜಿನ್ನಿನ ಲೆಕ್ಕಾಚಾರ ಅವಳಿಗೆ ತಿಳಿಯದು. ಆದರೆ ಅದರ ಸದ್ದಿನಲ್ಲಿ ಎಲ್ಲೂ ಮುಗ್ಗರಿಕೆ ಇರಲಿಲ್ಲ, ಒಂದೇ ಹದದ ಒನಕೆ ಏಟಿನಂತೆ ಬೀಳುತ್ತಿತ್ತು. ಮನಸ್ಸಿಗೆ ಹಿಡಿಸಿತು. ನಾಳೆ ಬೆಳಗ್ಗೆ ಸೇತುವೆ ಇಳಿದು ಎಡಕ್ಕೆ ತಿರುಗುವುದನ್ನು ಆಗಲೇ ಕಂಡಳು.

ಮೂವರೂ ಕೂತು ರಸ್ತೆಗೆ ಹೊರಟರು. ಮಲ್‌ಸುನ್‌ಳೇ ಸ್ಟೀರಿಂಗ್ ಹಿಡಿದಳು. ಕ್ಲಚ್ಚು ಸರಿ, ಗೇರು ಸರಿ, ಬ್ರೇಕು ನೇರ. ಏರಿನಲ್ಲಿ ಬಂಡಿ ದಮ್ಮು ಕಟ್ಟದೆ ಹತ್ತಿತು. ತಿರುಗಿ ಬರುವಾಗ ಪೇಟೆಯ ಶಾಲೆಯ ಮುಂದಿನ ಉಬ್ಬು ದಾಟಿತು.

'ಟೊಕ್.'

ಮಲ್‌ಸುನ್ ಬಂಡಿ ನಿಲ್ಲಿಸಿದಳು.

"ಏನಾಯ್ತು?" ಎಂದ ಹಾಮ್.

"ಹಿಂದೆ ಏನೋ ಬಡೀತು."

"ಜ್ಯಾಕು ಇರಬಹುದು. ಪಾನಾ ಇರಬಹುದು."

"ಕಬ್ಬಿಣ ಅಲ್ಲ ಅಣ್ಣ." ಅವಳು ಹಿಂದಕ್ಕೆ ಬಂದು ಅದೇ ಉಬ್ಬನ್ನು ಮತ್ತೆ ದಾಟಿಸಿದಳು. 'ಟೊಕ್.' ಮುಖದಲ್ಲಿ ನಗು ಹರಡಿತು. "ಇದು ನನಗೆ ಗೊತ್ತಿರೋ ಸದ್ದು. ಒಣಮೀನು."

ತಾಕ್ ಹಿಂದಿನ ಸೀಟಿನಲ್ಲಿ ಕೆಮ್ಮಿದ. "ಚಿಕ್ಕಮ್ಮಂಗೆ ಎಲ್ಲೆಲ್ಲೂ ಮೀನೇ ಕೇಳುತ್ತೆ ಅನಿಸುತ್ತೆ."

ಅಂಗಳಕ್ಕೆ ಬಂದದ್ದೇ ಮಲ್‌ಸುನ್ ಡಿಕ್ಕಿ ತೆಗೆದು, ನೆಲದ ಹೊಸ ಕಂಬಳಿ ಎತ್ತಿ, ಸ್ಟೆಪ್ನಿ ಚಕ್ರದ ಹಿಂದಿನ ಗೂಡಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಮೊಣಕೈಯುದ್ದದ ಒಂದು ಒಣ ಮ್ಯಂಗ್‌ಟೆ, ಬಾಯಿ ತೆರೆದುಕೊಂಡು, ಮೈಗೆಲ್ಲ ಬಿಳಿ ದಾರ ಸುತ್ತಿಸಿಕೊಂಡು.

ಅಚ್ಚರಿಯೇನೂ ಅಲ್ಲ. ಹೊಸ ಬಂಡಿ ಮನೆಗೆ ಬಂದ ದಿನ ಪೂಜೆ ಮಾಡಿ, ಚಕ್ರಗಳಿಗೆ ಅಕ್ಕಿಯ ಹೆಂಡ ಸುರಿದು, ದಾರ ಸುತ್ತಿದ ಒಣಮೀನೊಂದನ್ನು ಬಂಡಿಯಲ್ಲಿ ಅಡಗಿಸಿಡುವುದು ಎಲ್ಲರೂ ಮಾಡುವುದೇ. ಕಣ್ಣು ಮುಚ್ಚದ ಮೀನು ದಾರಿ ಕಾಯುತ್ತದೆ ಎಂದು ನಂಬಿಕೆ. ಹಾಮ್ ತನ್ನ ಬಸ್ಸಿನಲ್ಲಿ ಎರಡು ಇಟ್ಟಿದ್ದ, ಹೋಗಲು ಒಂದು, ಬರಲು ಒಂದು.

ಆದರೆ ಮಲ್‌ಸುನ್ ಆ ಮೀನನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಬೆನ್ನ ಮೇಲೆ ಹೆಬ್ಬೆರಳು ಓಡಿಸಿದಳು. ಉಗುರಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿದಳು. ನಾಲಗೆಯ ತುದಿಯಿಂದ ಬಾಲ ಮುಟ್ಟಿ ನೋಡಿದಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು:

"ತಾಕ್ ತಮ್ಮ, ಹೆಡ್‌ಮಾಸ್ಟರು ಯಾವ ಪಾಠ ಹೇಳ್ತಿದ್ರು?"

"ಅದು... ಲೆಕ್ಕ ಇರಬೇಕು ಚಿಕ್ಕಮ್ಮ."

"ದೋಣೀಲಿ ಕೂತ್ಕೊಂಡಾ?"

ತಾಕ್ ನಗಲು ನೋಡಿದ, ಆಗಲಿಲ್ಲ.

"ನೋಡು, ಇದು ಬೆಟ್ಟದಲ್ಲಿ ಒಣಗಿದ ಮೀನಲ್ಲ. ಬೆಟ್ಟದ್ದಾಗಿದ್ರೆ ಬಂಗಾರದ ಬಣ್ಣ, ಮೈಯೆಲ್ಲ ಉಬ್ಬಿ ಹತ್ತಿಯಂಗೆ ಇರ್ತಿತ್ತು. ಇದು ಬಿಗಿಯಾಗಿದೆ, ಉಪ್ಪು ಇನ್ನೂ ನಾಲಗೆಗೆ ಸಿಗುತ್ತೆ. ಕಡಲ ದಂಡೇಲಿ ಗಾಳಿಗೆ ಒಣಗಿದ್ದು. ಇಲ್ಲಿ ಬಾಯಂಚು ನೋಡು, ತೂತು. ಬಲೇಲಿ ಸಿಕ್ಕಿದ ಮೀನಿಗೆ ತೂತು ಎಲ್ಲಿಂದ ಬರುತ್ತೆ? ಗಾಳ ಹಾಕಿ ಹಿಡಿದಿರೋದು. ನಮ್ಮ ಕಡಲಲ್ಲಿ ಗಾಳಕ್ಕೆ ಮ್ಯಂಗ್‌ಟೆ ಸಿಕ್ಕಿ ಎಷ್ಟು ವರ್ಷ ಆಯ್ತೋ, ಈಗ ಬರೋದೆಲ್ಲ ಪರದೇಶದ್ದು. ಅಂಥ ಮೀನನ್ನ ಮಾರದೆ, ತಿನ್ನದೆ ಬಂಡೀಲಿ ಇಡೋನು ಹಿಡಿದೋನೇ ಆಗಿರಬೇಕು. ಈ ದಾರದ ಗಂಟು ಇದೆಯಲ್ಲ, ಗಾಳಕ್ಕೆ ಹಾಕೋ ಗಂಟು ಇದು. ಹೆಡ್‌ಮಾಸ್ಟರಿಗೆ ಯಾರು ಕಲಿಸಿದ್ರು?"

ಅಂಗಳದಲ್ಲಿ ಬೆಕ್ಕು ಒಂದೇ ಓಡಾಡುತ್ತಿತ್ತು. ಅದೂ ಮೀನು ನೋಡಿ ಹತ್ತಿರ ಬಂತು.

"ಹೆಡ್‌ಮಾಸ್ಟರಿಗೂ ಮೀನು ಹಿಡಿಯೋ ಖಯಾಲಿ ಇರಬಾರದಾ" ಎಂದು ತಾಕ್ ಕೊನೆಯ ಪ್ರಯತ್ನ ಮಾಡಿದ. ಹಾಮ್ ಮತ್ತೆ ಪರೀಕ್ಷೆಗಿಳಿಯಲು ಗವಸು ಬಿಚ್ಚತೊಡಗಿದ್ದು ನೋಡಿ ಕೈಚೆಲ್ಲಿದ. "ಆಯ್ತು ಚಿಕ್ಕಮ್ಮ. ಆಯಾಜಿನ್ ಬಂದರಿನ ಅಜ್ಜ ಒಬ್ಬರದು. ಕಡಲಿನ ಬಂಡಿ ಅಂದ್ರೆ ತುಕ್ಕು ಅಂತ ಎಲ್ಲರೂ ಓಡ್ತಾರೆ, ಅದಕ್ಕೆ ಹೆಡ್‌ಮಾಸ್ಟರನ್ನ ತಂದೆ."

"ಸೀಟಿಗೆ ಹೊಸ ಬಟ್ಟೆ ಹಾಕಿದ್ದೀಯ, ಕಂಬಳಿ ಹಾಕಿದ್ದೀಯ, ಎಂಜಿನ್ನು ತೊಳೆದಿದ್ದೀಯ. ಈ ಮೀನೊಂದನ್ನ ಬಿಸಾಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲವಲ್ಲೋ" ಎಂದ ಹಾಮ್.

ತಾಕ್ ತಲೆ ಕೆರೆದುಕೊಂಡ. "ಮೂರು ಸಲ ಕೈಗೆ ತಗೊಂಡೆ ಅಣ್ಣ. ಯಾರದೋ ದಾರಿ ಕಾದ ಮೀನು, ಹೆಂಗೆ ಬಿಸಾಡೋದು. ಕೈ ಬರಲಿಲ್ಲ. ಅಲ್ಲೇ ಇಟ್ಟು ಕಂಬಳಿ ಮುಚ್ಚಿದೆ."

ಈ ಮಾತು ಕೇಳಿ ಮಲ್‌ಸುನ್‌ಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಹಾಮ್‌ನದು ಇಳಿಯಲಿಲ್ಲ. ಕೆಳಗೆ ಪೇಪರು ಹಾಸಿ ಮಲಗಿ, ಟಾರ್ಚು ಬಿಟ್ಟು ಕನ್ನಡಿ ಆಡಿಸಿದ. ಬಂಡಿಯ ಅಡಿಯೆಲ್ಲ ಹೊಸ ಕಪ್ಪು ಟಾರಿನ ಬಣ್ಣ, ನಿನ್ನೆ ಮೊನ್ನೆ ಬಳಿದದ್ದು.

"ನಡಿ ತಂಗೀ. ಈ ಕಪ್ಪಿನ ಕೆಳಗೆ ಏನಿದೆ ಅಂತ ದೇವರೂ ಹೇಳಕ್ಕಾಗಲ್ಲ. ತುಕ್ಕು ತಿಂದಿದ್ರೆ ಒಂದು ದಿನ ಚಕ್ರ ಒಂದು ಕಡೆ, ನೀನೊಂದು ಕಡೆ. ಹತ್ತು ಗಂಟೆಗೆ ಬಸ್ಸಿದೆ."

ಮಲ್‌ಸುನ್ ನಿಂತಲ್ಲೇ ನಿಂತಳು. ಬಸ್ಸು ಹತ್ತಿದರೆ ನಾಳೆಯ ಸಂತೆ ಹೋಯಿತು, ಜಾಗವೂ ಹೋಯಿತು. ಹತ್ತದಿದ್ದರೆ ಏನನ್ನು ಕೊಳ್ಳುತ್ತಿದ್ದೇನೆ ಎಂಬುದೇ ತಿಳಿಯದು. ಕೈಯಲ್ಲಿದ್ದ ಮೀನನ್ನು ಮತ್ತೊಮ್ಮೆ ತಟ್ಟಿದಳು. 'ಟೊಕ್.' ಇಷ್ಟು ವರ್ಷವಾದರೂ ಒಳಗೆ ಪಸೆ ಇಲ್ಲ, ಹುಳು ಇಲ್ಲ.

"ಅಣ್ಣ, ಕಾಣದೇ ಇರೋದು ಕಣ್ಣಿಗೆ ತಾನೇ?" ಎಂದಳು. "ತಾಕ್ ತಮ್ಮ, ಬಂಡಿ ಮೇಲೆತ್ತು. ಒಂದು ಸಣ್ಣ ಸುತ್ತಿಗೆ ಕೊಡು."

ಪಕ್ಕದ ವೆಲ್ಡಿಂಗ್ ಗ್ಯಾರೇಜಿನಲ್ಲಿ ಬಂಡಿಯನ್ನು ಮೇಲೆತ್ತಿದರು. ಮಲ್‌ಸುನ್ ಟೋಪಿಯನ್ನು ಕಿವಿಯಿಂದ ಮೇಲೆ ಸರಿಸಿ ಅಡಿಗೆ ಹೋದಳು. ಗ್ಯಾರೇಜಿನವನಿಗೆ ರೇಡಿಯೋ ಆರಿಸಲು ಹೇಳಿದಳು. ಚಾಸಿಯ ಮುಂದಿನ ತುದಿಯಿಂದ ಶುರುಮಾಡಿ, ಗೇಣಿಗೊಂದು ಏಟಿನಂತೆ ತಟ್ಟುತ್ತ ಹಿಂದಕ್ಕೆ ನಡೆದಳು. ಬಲಗಡೆ ಪೂರ್ತಿ 'ಟಣ್, ಟಣ್.' ಅಡ್ಡಪಟ್ಟಿಗಳು 'ಟಣ್.' ಹಾಮ್ ಅವಳ ಹಿಂದೆಯೇ ಟಾರ್ಚು ಹಿಡಿದು, ದೇವರ ಮೆರವಣಿಗೆಯ ದೀಪದವನಂತೆ ನಡೆದ. ಎಡಗಡೆ ಮುಂದಿನಿಂದ 'ಟಣ್, ಟಣ್.' ಹಿಂದಿನ ಎಡ ಚಕ್ರದ ಹತ್ತಿರ, ಸ್ಪ್ರಿಂಗು ಕೂರುವ ಕಡೆ ಬಂದಾಗ 'ದಬ್.'

"ಇಲ್ಲಿ ಪಸೆ ಇದೆ" ಎಂದಳು ಮಲ್‌ಸುನ್, ಮೀನಿನ ಮಾತೇ ಬಾಯಿಗೆ ಬಂತು.

ಹಾಮ್ ಅಲ್ಲಿ ಸ್ಕ್ರೂಡ್ರೈವರಿನಿಂದ ಕೆರೆದ. ಕಪ್ಪು ಬಣ್ಣ ಸುಲಿದು, ಕೆಂಪು ಪುಡಿ ಉದುರಿ, ಹೆಬ್ಬೆಟ್ಟು ಹೋಗುವಷ್ಟು ತೂತು ಬಿತ್ತು. ಅದರ ಸುತ್ತ ಒಂದು ಅಂಗೈ ಅಗಲ ಮೆತ್ತಗಾಗಿತ್ತು. ಅದರಾಚೆ ಗಟ್ಟಿ ಕಬ್ಬಿಣ. ಮಲ್‌ಸುನ್ ಇಡೀ ಅಡಿಯನ್ನು ಇನ್ನೆರಡು ಸಲ ತಟ್ಟಿದಳು. ಬೇರೆಲ್ಲೂ 'ದಬ್' ಇಲ್ಲ.

"ಕಡಲ ದಂಡೇಲಿ ಇಪ್ಪತ್ತೊಂದು ವರ್ಷ ನಿಂತ ಬಂಡಿಗೆ ಇದೊಂದೇ ತೂತು ಅಂದ್ರೆ ನಾನು ನಂಬಲ್ಲ" ಎಂದ ಹಾಮ್. "ಏನೋ ಮರ್ಮ ಇದೆ."

"ಹಾಗಾದ್ರೆ ಅಜ್ಜನ್ನೇ ಕೇಳೋಣ" ಎಂದಳು ಮಲ್‌ಸುನ್.

ತಾಕ್ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಆ ಕಡೆ ಗಾಳಿಯ ಸದ್ದು, ಸೀಗಲ್ ಹಕ್ಕಿಗಳ ಕೂಗು, ಆಮೇಲೆ ಒಂದು ಒರಟು ಗಂಟಲು. ಕ್ವಾಕ್ ಎಂಬ ಅಜ್ಜ, ಎಂಬತ್ತೆರಡು ವರ್ಷ. ಕಣ್ಣು ಮಂಜಾಗಿ ದೋಣಿಯನ್ನೂ ಬಂಡಿಯನ್ನೂ ಒಂದೇ ತಿಂಗಳಲ್ಲಿ ಬಿಟ್ಟವರು.

"ಯಜಮಾನ್ರೇ, ನಿಮ್ಮ ಬಂಡಿ ನೋಡ್ತಿದ್ದೀನಿ. ಸಂತೆಯಲ್ಲಿ ಒಣಮೀನು ಮಾರೋಳು ನಾನು" ಎಂದಳು ಮಲ್‌ಸುನ್.

"ಮೀನು ಮಾರೋಳಾ. ಹಂಗಾದ್ರೆ ಅದು ಅಲ್ಲೇ ಇದೆಯಾ ಹೇಳಮ್ಮ, ಸ್ಟೆಪ್ನಿ ಹಿಂದೆ?"

"ಕೈಯಲ್ಲೇ ಹಿಡ್ಕೊಂಡಿದ್ದೀನಿ. ಗಾಳದ ಮೀನು."

ಅಜ್ಜ ಆ ಮೀನಿನ ಕತೆಯನ್ನೇ ಶುರುಮಾಡಿದರು. "ಬಂಡಿ ತಗೊಂಡ ವರ್ಷ ನಮ್ಮ ದೋಣಿಗೆ ಸಿಕ್ಕಿದ್ದು ಹನ್ನೊಂದೇ ಮೀನು. ಹತ್ತು ಮಾರಿದೆ. ಹೆಂಡತಿ ಬೈದಳು, ಬಂಡಿಗೆ ಸಣ್ಣದೊಂದು ಇಟ್ಟರೆ ಸಾಕಿತ್ತು ಅಂತ. ನಾನೇ ಕೇಳಲಿಲ್ಲ."

"ಬಂಡಿ ಅಡಿ ತಟ್ಟಿ ನೋಡ್ದೆ ಯಜಮಾನ್ರೇ. ಎಲ್ಲ ಗಟ್ಟಿ ಇದೆ, ಹಿಂದಿನ ಎಡ ಮೂಲೆ ಮಾತ್ರ ಹೋಗಿದೆ. ಅದ್ಯಾಕೆ?"

ಅಜ್ಜ ಜೋರಾಗಿ ನಕ್ಕರು. "ಪೈಪು ಎಟುಕ್ತಿರಲಿಲ್ಲ ಕಣಮ್ಮ. ದಿನಾ ಸಂಜೆ ಸಿಹಿನೀರು ಬಿಟ್ಟು ಅಡಿ ತೊಳೀತಿದ್ದೆ, ಒಂದು ದಿನ ತಪ್ಪಿಸಿಲ್ಲ. ನಲ್ಲಿ ಬಲಗಡೆ. ಆ ಮೂಲೆಗೆ ಬರೋ ಹೊತ್ತಿಗೆ ಪೈಪು ಮುಗೀತಿತ್ತು. ಇನ್ನೆರಡು ಮೊಳ ಪೈಪು ತಗೊಳ್ಳಿ ಅಂತ ಹೆಂಡತಿ ಇಪ್ಪತ್ತು ವರ್ಷ ಹೇಳಿದ್ಲು."

"ಅದನ್ನೂ ಕೇಳಲಿಲ್ಲ" ಎಂದಳು ಮಲ್‌ಸುನ್.

"ಅದನ್ನೂ ಕೇಳಲಿಲ್ಲ" ಎಂದು ಅಜ್ಜ ಒಪ್ಪಿಕೊಂಡರು. ಪಕ್ಕದಿಂದ ಒಂದು ಹೆಣ್ಣುದನಿ ಏನೋ ಹೇಳಿದ್ದು ಕೇಳಿಸಿತು, ಯಾರಿಗೂ ಅರ್ಥವಾಗಲಿಲ್ಲ, ಆದರೆ ಧಾಟಿ ಎಲ್ಲರಿಗೂ ಅರ್ಥವಾಯಿತು. "ತಗೊಳಮ್ಮ. ಮೋಸದ ಬಂಡಿಯಲ್ಲ. ಮೀನು ಮಾತ್ರ ಅಲ್ಲೇ ಇರಲಿ. ನನ್ನನ್ನ ಅದು ಇಷ್ಟು ವರ್ಷ ಮನೆ ಸೇರಿಸಿದೆ."

ಫೋನು ಇಟ್ಟ ಮೇಲೆ ಹಾಮ್ ಗವಸನ್ನು ಮತ್ತೆ ಹಾಕಿಕೊಂಡ. ಅದರರ್ಥ ಅವನ ತೀರ್ಪು ಬದಲಾಗಿದೆ ಎಂದು.

ಮಲ್‌ಸುನ್ ತಾಕ್ ಕಡೆ ತಿರುಗಿದಳು. "ಈಗ ನೀನು ಹೇಳು ತಮ್ಮ."

"ಮೂವತ್ತು ಮಾಡ್ಕೊಳಿ ಚಿಕ್ಕಮ್ಮ."

"ಹೆಡ್‌ಮಾಸ್ಟರ ಬಂಡಿಗೆ ಮೂವತ್ತೆರಡು ಕೇಳಿದ್ದು ನೀನು. ಹೆಡ್‌ಮಾಸ್ಟರು ಇಲ್ಲ ಅಂದ ಮೇಲೆ ಅವರ ಪಾಲು ಕಳೀಬೇಕಲ್ಲ. ತೂತಿಗೆ ದಪ್ಪ ತಗಡು ಹಾಕಿ ವೆಲ್ಡಿಂಗ್ ನಿನ್ನದೇ, ಮಧ್ಯಾಹ್ನದೊಳಗೆ. ಆಮೇಲೆ ಆಫೀಸಿಗೆ ಬಂದು ನನ್ನ ಹೆಸರಿಗೆ ಮಾಡಿಸಿಕೊಡು. ಇಪ್ಪತ್ತಾರು."

"ಚಿಕ್ಕಮ್ಮ, ಇಪ್ಪತ್ತೆಂಟು. ನನಗೂ ಹೊಸವರ್ಷ ಇದೆ."

"ಇಪ್ಪತ್ತೇಳು, ನಿಮ್ಮ ಮನೆ ಹಿರಿಯರ ಎಡೆಗೆ ನನ್ನ ಕಡೆಯಿಂದ ಎರಡು ಮೀನು. ಬೆಟ್ಟದ್ದು, ನಿಜವಾಗ್ಲೂ ಬೆಟ್ಟದ್ದು."

ತಾಕ್ ನಕ್ಕು ಕೈ ಚಾಚಿದ.

ವೆಲ್ಡಿಂಗ್ ಆದ ಮೇಲೆ ಮಲ್‌ಸುನ್ ಹೊಸ ತಗಡಿನ ಮೇಲೆ ಎರಡು ಏಟು ಹಾಕಿದಳು. 'ಟಣ್.' ಗ್ಯಾರೇಜಿನವನು ರೇಡಿಯೋ ಹಾಕಬಹುದಾ ಎಂದು ಕೇಳಿದ.

ಏಳನೇ ತಾರೀಕು ಬೆಳಗಾಗುವಾಗ ಬೂದು ಬಂಡಿ ಇಪ್ಪತ್ತೊಂದು ಹೊರೆ ಮೀನು ಹೇರಿಕೊಂಡು, ಘಟ್ಟ ದಾಟಿ, ಜಂಗ್‌ಸನ್ ಸೇತುವೆ ಇಳಿಯಿತು. ಇಪ್ಪತ್ತೆರಡನೇ ಹೊರೆಯ ಜಾಗದಲ್ಲಿ ಹಾಮ್ ಕೂತಿದ್ದ. ಬಂಡಿ ದಾರಿಯಲ್ಲಿ ಹೇಗೆ ನಡೆಯುತ್ತದೆ ನೋಡಬೇಕು ಎಂದು ಅವನ ನೆಪ. ಅವನಿಗೆ ಬೊಂಗ್‌ಶಿಮ್‌ಳ ದೋಸೆಯ ಮೇಲೆ ಕಣ್ಣು. ಎಡಕ್ಕೆ ತಿರುಗಿದರೆ ಕಾಲುಚೀಲದವನು ಆಗಲೇ ಟಾರ್ಪಾಲಿನ ಒಂದು ಮೂಲೆ ಬಿಚ್ಚಿ ನಿಂತಿದ್ದ. ಟಾರ್ಪಾಲಿನ ಇನ್ನೊಂದು ಮೂಲೆಯ ಮೇಲೆ ಬೊಂಗ್‌ಶಿಮ್ ತನ್ನ ಒಲೆಯನ್ನು ಇಟ್ಟುಕೊಂಡು ಕೂತಿದ್ದಳು.

"ಅಕ್ಕ ಬಂದ್ಲು, ಸುತ್ತು" ಎಂದಳು ಅವನಿಗೆ.

"ನೀನು ಎದ್ದರೆ ತಾನೇ ಸುತ್ತೋದು" ಎಂದ ಅವನು, ಅಷ್ಟೇನೂ ಬೇಸರವಿಲ್ಲದೆ. ಆರು ಹೆಜ್ಜೆಯಲ್ಲಿ ಮಲ್‌ಸುನ್ ಅವನಿಗೆ ಒಂದು ಹೆಜ್ಜೆ ಬಿಟ್ಟುಕೊಟ್ಟಳು, ದೊಡ್ಡ ಸಂತೆಯ ಮಟ್ಟಿಗೆ. ಅವನು ಅವಳಿಗೂ ಹಾಮ್‌ಗೂ ಒಂದೊಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟ.

ಗಿರಾಕಿಗಳು ಬರುವ ಮುಂಚೆ ಚಿಕ್ಕದಾಗಿ ಪೂಜೆ ಮುಗಿಸಿದರು. ಬಂಡಿಯ ಮುಂದೆ ಒಂದು ತಟ್ಟೆ ದೋಸೆ, ಒಂದು ಬಟ್ಟಲು ಹೆಂಡ. ಪೂಜೆಗೆ ಇಡುವ ಹಂದಿಯ ತಲೆ ಸಿಗಲಿಲ್ಲವೆಂದು ಕಾಲುಚೀಲದವನು ಹಂದಿಯ ಚಿತ್ರವಿದ್ದ ಮಕ್ಕಳ ಕಾಲುಚೀಲ ತಂದಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಆದರೆ ತಲೆಬಾಗುವಾಗ ನಗಲಿಲ್ಲ. ಮಲ್‌ಸುನ್ ನಾಲ್ಕು ಚಕ್ರಕ್ಕೂ ಹೆಂಡ ಸುರಿದಳು. ಹಿಂದಿನ ಎಡ ಚಕ್ರಕ್ಕೆ ಒಂದು ಗುಟುಕು ಹೆಚ್ಚು. ಆಮೇಲೆ ತನ್ನ ರಾಶಿಯಿಂದ ಚೆನ್ನಾಗಿ ಒಣಗಿದ ಬಂಗಾರದ ಮೀನೊಂದನ್ನು ಆರಿಸಿ, ತಟ್ಟಿ ಕೇಳಿ, ದಾರ ಸುತ್ತಿ, ಹಳೆಯ ಮೀನನ್ನು ಹೊರತೆಗೆದು ಎರಡನ್ನೂ ಸೇರಿಸಿ ಕಟ್ಟಲು ಕೂತಳು.

ಮೊದಲ ಬಸ್ಸಿನಿಂದ ಇಳಿದ ಮುದುಕರೊಬ್ಬರು ಅವಳ ಮಡಿಲ ಕಡೆ ನೋಡಿ ನಿಂತರು. ಒಂದು ಕಾಲದಲ್ಲಿ ಮೀನಿನ ವ್ಯಾಪಾರದಲ್ಲಿದ್ದವರಿರಬೇಕು. ಕನ್ನಡಕ ಏರಿಸಿ ಬಗ್ಗಿ, ಬಾಯಂಚಿನ ತೂತು ನೋಡಿದರು.

"ಗಾಳದ್ದಲ್ವಾ ಇದು? ಎಷ್ಟಮ್ಮ? ಕೇಳಿದಷ್ಟು ಕೊಡ್ತೀನಿ. ನಮ್ಮಪ್ಪನ ಎಡೆಗೆ ಇಂಥದ್ದು ಇಡಬೇಕು ಅಂತ ಎಷ್ಟು ವರ್ಷದಿಂದ ಹುಡುಕ್ತಿದ್ದೀನಿ."

"ಇದು ಮಾರೋದಲ್ಲ ಯಜಮಾನ್ರೇ."

"ಮೀನು ಮಾರೋಳು ಮೀನು ಮಾರಲ್ಲ ಅಂದ್ರೆ ಹೆಂಗೆ?"

"ಇದಕ್ಕೆ ಕೆಲಸ ಇದೆ" ಎಂದಳು ಮಲ್‌ಸುನ್, ಗಂಟು ಬಿಗಿಯುತ್ತ. "ಸಂಜೆ ನನ್ನನ್ನ ಮನೆಗೆ ಕರ್ಕೊಂಡು ಹೋಗಬೇಕು. ಬನ್ನಿ, ಬೇರೆ ತೋರಿಸ್ತೀನಿ. ತಟ್ಟಿ ಕೇಳಿ ತಗೊಳ್ಳಿ."

ಎರಡೂ ಮೀನನ್ನು ಸ್ಟೆಪ್ನಿಯ ಹಿಂದೆ ಇಟ್ಟು ಕಂಬಳಿ ಮುಚ್ಚಿದಳು. ಸಂಜೆ ಖಾಲಿ ಬಂಡಿ ಸೇತುವೆಯ ಉಬ್ಬು ದಾಟುವಾಗ ಹಿಂದಿನಿಂದ ಎರಡು ಸದ್ದು ಕೇಳಿತು, ಒಂದರ ಹಿಂದೆ ಒಂದು. ಹೊಟ್ಟೆ ತುಂಬಾ ದೋಸೆ ತಿಂದು ತೂಕಡಿಸುತ್ತಿದ್ದ ಹಾಮ್ ಕಣ್ಣು ಬಿಟ್ಟು, "ಜ್ಯಾಕು" ಎಂದ.

"ಜ್ಯಾಕಲ್ಲ, ಮಲಗಿ ಅಣ್ಣ" ಎಂದು ಮಲ್‌ಸುನ್ ಗೇರು ಬದಲಾಯಿಸಿದಳು.